ಅಳಿಸಿ ಎಂದು ಬರುವ ಚೀಟಿ

ಎಪ್ಪತ್ತರ ದಶಕದ ಕೊನೆಯ ಎರಡು ವರ್ಷ, ಎಂಬತ್ತರ ಮೊದಲ ಮೂರು ವರ್ಷ, ಒಟ್ಟು ಐದು ವರ್ಷ ನಾನು ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು ಒಂದು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಸುದ್ದಿ ಬರೆದೆ. ಇದೂ ಒಂದು ನೌಕರಿಯೇ ಎಂದು ಈಗಿನವರು ನಗುತ್ತಾರೆ. ನಗಲಿ. ಆಗಲೂ ನಗುತ್ತಿದ್ದರು. ಮೂವತ್ತು ದಾಟದ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸ್ಸಿಗೆ ಕಾಯುವ ಜನರಿಗೆಲ್ಲ ಬೆನ್ನು ತೋರಿಸಿ ಬರೆಯುತ್ತ ನಿಲ್ಲುವುದು ಆ ಊರಿಗೆ ಒಂದು ನೋಟವಾಗಿತ್ತು. ಮೊದಲ ತಿಂಗಳು ಸುದ್ದಿ ಓದಿದವರಿಗಿಂತ ನನ್ನನ್ನು ನೋಡಿದವರೇ ಹೆಚ್ಚು. ಆಮೇಲೆ ಅವರಿಗೂ ಸಾಕಾಯಿತು.

ಸಾಗರದಲ್ಲಿ ಒಂದು ಪ್ರೆಸ್ಸು ಇತ್ತು, ಆ ಪ್ರೆಸ್ಸಿಗೊಂದು ವಾರಪತ್ರಿಕೆ ಇತ್ತು. ಪತ್ರಿಕೆ ಅಚ್ಚಾಗುತ್ತಿದ್ದುದು ಶನಿವಾರ ಮಾತ್ರ. ಆದರೆ ಸಾಯುವವರು, ಎಮ್ಮೆ ಕಳೆದುಕೊಳ್ಳುವವರು, ಪರೀಕ್ಷೆಯ ಫಲಿತಾಂಶಕ್ಕೆ ಒದ್ದಾಡುವವರು ಶನಿವಾರದವರೆಗೆ ತಡೆಯುವುದಿಲ್ಲವಲ್ಲ. ಅದಕ್ಕೆ ಪ್ರೆಸ್ಸಿನ ಯಜಮಾನರು ಹೊಸನಗರಕ್ಕೊಂದು, ತೀರ್ಥಹಳ್ಳಿಗೊಂದು ಹಲಗೆ ಮಾಡಿಸಿ ಹಾಕಿದ್ದರು. ನಮ್ಮದು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನ ಗೋಡೆಗೆ ಹೊಡೆದದ್ದು, ಮಲಗಿಸಿದರೆ ಇಬ್ಬರು ಆರಾಮಾಗಿ ಮಲಗಬಹುದಾದಷ್ಟು ದೊಡ್ಡದು.

ಯಜಮಾನರ ಶಿಸ್ತು ವಿಪರೀತದ್ದು. ಸುದ್ದಿ ಯಾವ ಊರಿನದೇ ಆಗಲಿ, ಮೊದಲು ಸಾಗರಕ್ಕೆ ಹೋಗಬೇಕು. ಅಲ್ಲಿ ರಿಜಿಸ್ಟರಿನಲ್ಲಿ ಅದಕ್ಕೊಂದು ನಂಬರು ಬೀಳಬೇಕು. ಪ್ರತಿ ತಿಂಗಳೂ ಒಂದರಿಂದ ಶುರು. ಆಮೇಲೆ ಅದು ಚೀಟಿಯಾಗಿ ಬಸ್ಸಿನ ಕಂಡಕ್ಟರರ ಚೀಲದಲ್ಲಿ ನಮಗೆ ಬರುತ್ತಿತ್ತು. ಚೀಟಿ ಮೂರೇ ಬಗೆ. ‘ಬರೆಯಿರಿ’ ಎಂದು ಬಂದರೆ ಬರೆಯಬೇಕು. ‘ತಿದ್ದಿ’ ಎಂದರೆ ಆ ನಂಬರಿನ ಸುದ್ದಿಯನ್ನು ತಿದ್ದಬೇಕು. ‘ಅಳಿಸಿ’ ಎಂದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬರೆಯುವ ಚೀಟಿಯಲ್ಲಿ ಸುದ್ದಿಯಿರುತ್ತಿತ್ತು. ಅಳಿಸುವ ಚೀಟಿಯಲ್ಲಿ ಬರೀ ನಂಬರು. ಚೀಟಿಯ ಕೆಳಗಿನ ಅರ್ಧ ಹರಿದು, ‘ಬರೆದಿದೆ’, ‘ತಿದ್ದಿದೆ’ ಅಥವಾ ‘ಅಳಿಸಿದೆ’ ಎಂದು ಸಹಿ ಮಾಡಿ ಸಾಗರಕ್ಕೆ ಹೋಗುವ ಬಸ್ಸಿಗೆ ಕೊಡಬೇಕು. ಯಾವ ಸುದ್ದಿಯಾದರೂ ಎಂಟು ದಿನ ಹಲಗೆಯ ಮೇಲಿರುತ್ತಿತ್ತು, ಎಂಟನೆಯ ದಿನ ಅಳಿಸುವ ಚೀಟಿ ಬಂದೇ ಬರುತ್ತಿತ್ತು. ಚೀಟಿಯಿಲ್ಲದೆ ಹಲಗೆಗೆ ಕೈ ಹಚ್ಚಕೂಡದು.

ಈ ಕೊನೆಯ ನಿಯಮದಿಂದ ಆದ ತಮಾಷೆಗೆ ಲೆಕ್ಕವಿಲ್ಲ. ಒಮ್ಮೆ ಕಾಣೆಯಾದ ಎಮ್ಮೆಯ ಸುದ್ದಿ ಹಲಗೆಯ ಮೇಲಿತ್ತು. ಕೋಡು ಕೆಳಗೆ ಬಾಗಿದ್ದು, ಹಣೆಯ ಮೇಲೆ ಬಿಳಿ ಮಚ್ಚೆ. ಮೂರನೆಯ ದಿನ ಬೆಳಿಗ್ಗೆ ಅದೇ ಎಮ್ಮೆ ಹಲಗೆಯ ಕೆಳಗೆ ನಿಂತು ಹೋಟೆಲಿನವರು ಎಸೆದ ಬಾಳೆಯೆಲೆ ಮೇಯುತ್ತಿತ್ತು. ಎಮ್ಮೆಯ ಒಡೆಯ ಬಂದು ಹಿಡಿದುಕೊಂಡೂ ಹೋದ. ಹೋಟೆಲಿನ ಮಾಲೀಕರು, “ಅಳಿಸಿ ಅಮ್ಮಾ ಅದನ್ನ. ಎಮ್ಮೆ ಸಿಕ್ಕಾಯ್ತಲ್ಲ” ಎಂದರು. ಚೀಟಿ ಬಂದಿಲ್ಲ ಎಂದೆ. ಅವರು ನನ್ನನ್ನೂ ಹಲಗೆಯನ್ನೂ ಒಮ್ಮೆ ನೋಡಿ, “ಎಮ್ಮೆಗೇ ಒಂದು ಚೀಟಿ ಬರ್ಕೊಡೋಕೆ ಹೇಳ್ಬೇಕಿತ್ತು” ಎಂದು ಒಳಗೆ ಹೋದರು. ಇನ್ನೂ ಐದು ದಿನ ಆ ಎಮ್ಮೆ ಹಲಗೆಯ ಮೇಲೆ ಕಾಣೆಯಾಗಿಯೇ ಇತ್ತು.

ನಾನು ಹಾಗೆ ನಿಯಮಕ್ಕೆ ಜೋತುಬಿದ್ದದ್ದು ನಿಷ್ಠೆಯಿಂದಲ್ಲ. ಬೇರೆ ಯಾವುದೂ ಇರಲಿಲ್ಲ, ಅದಕ್ಕೆ. ದರ್ಜಿಯೊಬ್ಬರ ಅಂಗಡಿಯ ಹಿಂದಿನ ಒಂದು ಕೋಣೆ ನನ್ನ ಮನೆ. ಒಂದು ಸೀಮೆಎಣ್ಣೆ ಸ್ಟೋವು, ಒಂದು ಟ್ರಂಕು, ಒಂದು ಚಾಪೆ. ಹೊಸನಗರದಲ್ಲಿ ಅರ್ಧ ಊರು ಸರ್ಕಾರಿ ಕಚೇರಿಗಳ ನೌಕರರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಅವರೆಲ್ಲ ತಮ್ಮ ತಮ್ಮ ಊರಿಗೆ ಹೋಗಿಬಿಡುತ್ತಿದ್ದರು. ಭಾನುವಾರ ಪ್ರೆಸ್ಸಿಗೆ ರಜೆ, ಚೀಟಿಯಿಲ್ಲ. ಆ ದಿನ ಯಾರೊಂದಿಗೂ ಒಂದು ಮಾತೂ ಆಡದೆ ರಾತ್ರಿಯಾದದ್ದು ಎಷ್ಟೋ ಸಲ. ಸೋಮವಾರ ಬೆಳಿಗ್ಗೆ ಬಾಯಿ ತೆರೆದರೆ ಗಂಟಲು ಕಟ್ಟಿರುತ್ತಿತ್ತು.

ನನಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ. ನನ್ನ ವಿಳಾಸಕ್ಕೆ ಬರುತ್ತಿದ್ದುದು ಈ ಚೀಟಿಗಳು ಮಾತ್ರ. ಹಾಗಾಗಿ ಒಂದು ಸಲ, ಚಳಿಗಾಲದಲ್ಲಿ, ‘ಬರೆದಿದೆ’ ಎಂದು ಸಹಿ ಮಾಡಿದ ಮೇಲೆ ಅದರ ಕೆಳಗೆ ‘ಇಲ್ಲಿ ಈ ವರ್ಷ ಚಳಿ ಜಾಸ್ತಿ. ಸಾಗರದಲ್ಲಿ ಹೇಗೆ?’ ಎಂದು ಸೇರಿಸಿದೆ. ಯಾಕೆ ಸೇರಿಸಿದೆನೋ. ಮರುದಿನದ ಬಸ್ಸಿಗೆ ಯಜಮಾನರ ಕೈಬರಹದಲ್ಲೇ ಉತ್ತರ ಬಂತು: ‘ಸಹಿಯ ಚೀಟಿಯಲ್ಲಿ ಬೇರೆ ವಿಷಯ ಬರೆಯಬಾರದು.’ ಓದಿ ಮೈಯೆಲ್ಲ ಉರಿಯಿತು. ಆಮೇಲೆ ಸಹಿಯ ಚೀಟಿಯಲ್ಲಿ ಒಂದು ಅಕ್ಷರ ಹೆಚ್ಚು ಬರೆಯಲಿಲ್ಲ.

ಇನ್ನು, ನಾನು ಅಲ್ಲಿ ಯಾಕಿದ್ದೆ ಎಂಬುದು. ನನ್ನ ತವರು ತೀರ್ಥಹಳ್ಳಿ. ಅಪ್ಪಯ್ಯ ಶಾಲೆಯಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಮೂರು ತಾಲೂಕಿನಲ್ಲೂ ಅವರ ಕೈಕೆಳಗೆ ಕಲಿತವರಿದ್ದರು. ನನಗೂ ಅಕ್ಷರ ತಿದ್ದಿಸಿದವರು ಅವರೇ. ಸ್ಲೇಟಿನ ಮೇಲೆ ನನ್ನ ಕೈ ಹಿಡಿದು, “ಅಕ್ಷರ ದುಂಡಗಿರ್ಬೇಕು ಪುಟ್ಟಿ, ದೂರದಿಂದ ಓದೋನಿಗೂ ಕಾಣ್ಬೇಕು” ಎನ್ನುತ್ತಿದ್ದರು. ಅಮ್ಮ ನನಗೆ ಬುದ್ಧಿ ತಿಳಿಯುವ ಮೊದಲೇ ಹೋಗಿದ್ದಳು. ಮದುವೆಯಾಗಿ ಎಂಟು ತಿಂಗಳಿಗೆ ನಾನು ಗಂಡನ ಮನೆ ಬಿಟ್ಟು ಬಂದೆ. ಅಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಅಷ್ಟು ಬೆಲೆ ಕೊಡುವ ಮನಸ್ಸಿಲ್ಲ. ಅಪ್ಪಯ್ಯ ಬಾಗಿಲಲ್ಲೇ ನಿಂತು ಎಲ್ಲ ಕೇಳಿ, “ಅದು ನಿನ್ನ ಮನೆ. ಅಲ್ಲಿಗೇ ಹೋಗು” ಎಂದರು. ಒಳಗೆ ಕರೆಯಲಿಲ್ಲ. ನಾನು ಚೀಲ ಇಳಿಸಲೂ ಇಲ್ಲ. ಬಸ್‌ಸ್ಟ್ಯಾಂಡಿಗೆ ಬಂದು, ಎದುರಿಗೆ ನಿಂತಿದ್ದ ಬಸ್ಸು ಹತ್ತಿ, ಅದು ಊಟಕ್ಕೆ ನಿಂತ ಕಡೆ ಇಳಿದೆ. ಹೊಸನಗರ ನನಗೆ ಸಿಕ್ಕಿದ್ದು ಹಾಗೆ. ಹಲಗೆ ಬರೆಯುತ್ತಿದ್ದವರು ಬಿಟ್ಟು ಹೋಗಿದ್ದರು, ಹೋಟೆಲಿನ ಮಾಲೀಕರು ನನ್ನ ಅಕ್ಷರ ನೋಡಿ ಸಾಗರಕ್ಕೆ ಹೇಳಿಕಳಿಸಿದರು. ಅಪ್ಪಯ್ಯ ಬರಲಿಲ್ಲ, ನಾನೂ ಹೋಗಲಿಲ್ಲ. ಅಣ್ಣ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹಾದುಹೋಗುವಾಗ ಕಿಟಕಿಯಿಂದ ಕೈ ಬೀಸುತ್ತಿದ್ದ. ಹೀಗೆ ಎರಡೂವರೆ ವರ್ಷವಾಯಿತು. ಅಪ್ಪನಿಗೆ ಹಟವಿದ್ದರೆ ಮಗಳಿಗೆ ಎರಡು ಪಟ್ಟು ಹಟ ಎಂದು ನನ್ನಷ್ಟಕ್ಕೆ ಬೀಗುತ್ತಿದ್ದೆ. ದಿನಾ ಬೆಳಿಗ್ಗೆ ತೀರ್ಥಹಳ್ಳಿಯ ಮೊದಲ ಬಸ್ಸು ಬಂದಾಗ ಇಳಿಯುವವರ ಮುಖಗಳನ್ನು ಒಂದೂ ಬಿಡದೆ ನೋಡುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಒಂದು ಫೆಬ್ರುವರಿಯ ದಿನ ಬೆಳಗಿನ ಹತ್ತು ಗಂಟೆಯ ಸಾಗರದ ಬಸ್ಸು ಬರಲಿಲ್ಲ. ಬಟ್ಟೆಮಲ್ಲಪ್ಪದ ಹತ್ತಿರ ಆಕ್ಸಲ್ ಮುರಿದು ನಿಂತಿದೆ ಎಂದು ಹನ್ನೆರಡರ ಬಸ್ಸಿನವರು ಹೇಳಿದರು. ಅದನ್ನು ದಾಟಿಕೊಂಡು ಬಂದಿದ್ದರು. ಅವರ ಚೀಲದಲ್ಲಿ ನನಗೆ ಒಂದೇ ಚೀಟಿ: ‘೧೭ ಅಳಿಸಿ.’

ಹಲಗೆ ನೋಡಿದೆ. ಆ ತಿಂಗಳ ಹದಿನಾರರವರೆಗೆ ಮಾತ್ರ ಇತ್ತು. ಹದಿನೇಳು ಎಂಬುದು ನನಗೆ ಬಂದೇ ಇರಲಿಲ್ಲ. ಏನೆಂದು ಕೇಳಿ ಬರೆದರೆ ನಾಳೆ ಒಂದು ಬೈಗುಳ ಬರುತ್ತದೆ. ಹಲಗೆಯ ಮೇಲೆ ಇಲ್ಲದ್ದು ಅಳಿಸಿದ ಹಾಗೆಯೇ ಅಲ್ಲವೆ ಎಂದು ವಾದ ಹೂಡಿಕೊಂಡೆ. ಇಲ್ಲದ್ದನ್ನು ಅಳಿಸುವುದಕ್ಕೆ ಬಟ್ಟೆ ಒದ್ದೆ ಮಾಡುವ ಕಷ್ಟವೂ ಇಲ್ಲ. ‘ಅಳಿಸಿದೆ’ ಎಂದು ಸಹಿ ಮಾಡಿ ಕಳಿಸಿ, ಹೋಟೆಲಿನಲ್ಲಿ ಕಾಫಿ ಕುಡಿದೆ.

ಕೆಟ್ಟು ನಿಂತಿದ್ದ ಬಸ್ಸಿನ ಕಂಡಕ್ಟರರು ಬೇರೆ ಬಸ್ಸು ಹಿಡಿದು ಬಂದಾಗ ಎರಡೂವರೆ. ಬೆಳಗಿನ ಚೀಟಿಗಳನ್ನು ಕೊಟ್ಟರು. ನಾನು ಸ್ಟೂಲು ಹತ್ತಿ, ಚೀಟಿಯನ್ನು ಎಡಗೈಯಲ್ಲಿ ಹಿಡಿದು, ಮೊದಲ ಪದ ಬರೆದೆ: ತೀರ್ಥಹಳ್ಳಿಯ. ಎರಡನೆಯದು: ನಿವೃತ್ತ. ಮೂರನೆಯದು: ಮುಖ್ಯೋಪಾಧ್ಯಾಯರಾದ. ನಾಲ್ಕನೆಯದು ಅಪ್ಪಯ್ಯನ ಹೆಸರು. ಅದನ್ನೂ ಬರೆದೆ. ‘ನಿನ್ನೆ ಸಂಜೆ ನಿಧನರಾದರು’ ಎಂಬುದನ್ನೂ ಬರೆದೆ. ಅಕ್ಷರ ದುಂಡಗೇ ಬಂದವು, ದೂರದಿಂದ ಓದುವವನಿಗೂ ಕಾಣುವ ಹಾಗೆ. ಅವರೇ ಕಲಿಸಿದ ಕೈಯಲ್ಲಿ ಅವರ ಸಾವು ಬರೆದೆ. ಕೈ ನಿಲ್ಲಲಿಲ್ಲವಲ್ಲ ಎಂದು ಇವತ್ತಿಗೂ ನನ್ನ ಮೇಲೆ ಕೋಪವಿದೆ. ಕಂಡಕ್ಟರರು ಸಹಿಗೆ ಕಾಯುತ್ತಿದ್ದರು, ಸಹಿ ಮಾಡಿದೆ. ನಂಬರು ನೋಡಲಿಲ್ಲ. ಯಾರಾದರೂ ಹೇಗೆ ನೋಡುತ್ತಾರೆ?

ಹೋಟೆಲಿನ ಹಿತ್ತಲಿನ ನಲ್ಲಿಯ ಕೆಳಗೆ ಉಟ್ಟ ಸೀರೆಯಲ್ಲೇ ಕೂತು ಸಾವಿನ ಸ್ನಾನ ಮಾಡಿದೆ. ಮಾಲೀಕರ ಹೆಂಡತಿ ಒಂದು ಒಣ ಟವೆಲು ತಂದು ಹೆಗಲ ಮೇಲೆ ಹಾಕಿದರು. ನಾಲ್ಕು ಗಂಟೆಯ ಬಸ್ಸು ಹತ್ತಿ ಒದ್ದೆ ಕೂದಲಲ್ಲಿ ತೀರ್ಥಹಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ಅಳು ಬರಲಿಲ್ಲ. ಸಿಟ್ಟು ಬಂತು. ಬಾಗಿಲಲ್ಲಿ ನಿಂತು ಹೋಗು ಎಂದವರು, ಇನ್ನೊಂದು ಮಾತು ಹೇಳದೆ ತಾವೇ ಹೋಗಿಬಿಟ್ಟರಲ್ಲ ಎಂದು.

ಮನೆ ಮುಟ್ಟಿದಾಗ ಆರು ಗಂಟೆ. ಅಂಗಳದಲ್ಲಿ ಜನವಿರಲಿಲ್ಲ. ಸೂತಕದ ಮನೆ ಹೀಗಿರುವುದಿಲ್ಲವಲ್ಲ ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದರೆ, ಅಪ್ಪಯ್ಯ ಜಗಲಿಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದರು. ಅರ್ಧ ಆಗಿದ್ದರು. ಬಟ್ಟಲು ಕೆಳಗಿಟ್ಟು ನನ್ನನ್ನು ನೋಡಿದರು.

“ಬಂದ್ಯಾ?”

ನಾನು ಕಂಬ ಹಿಡಿದುಕೊಂಡು ನಿಂತೆ.

“ಯಾರು ಹೇಳಿದ್ರು ನಿಂಗೆ?”

“ಬೋರ್ಡಲ್ಲಿತ್ತು ಅಪ್ಪಯ್ಯ.”

“ಎಂತ ಇತ್ತು?”

“ನಿಮಗೆ... ಹುಷಾರಿಲ್ಲ ಅಂತ.”

ಅವರ ಮುಖ ಅರಳಿತು. “ನಂಗೆ ಹುಷಾರಿಲ್ದಿದ್ರೆ ಬೋರ್ಡಿಗೆ ಹಾಕ್ತಾರಾ! ಕೇಳಿದ್ಯೇನೋ?” ಎಂದು ಒಳಗಿದ್ದ ಅಣ್ಣನನ್ನು ಕೂಗಿದರು. ಆಮೇಲೆ ನನ್ನ ತಲೆ ನೋಡಿದರು. “ಕೂದ್ಲು ಎಂತಕ್ಕೆ ಒದ್ದೆ?”

“ಸೆಕೆ. ಮಿಂದು ಬಂದೆ.”

ಫೆಬ್ರುವರಿಯ ಸಂಜೆ, ಅವರ ಮೈಮೇಲೆ ಕಂಬಳಿ. ಅಪ್ಪಯ್ಯ ಟವೆಲು ಕೊಡು ಎಂದು ಸನ್ನೆ ಮಾಡಿ ಹತ್ತಿರ ಕೂರಿಸಿಕೊಂಡು, ತಾವೇ ನನ್ನ ತಲೆ ಒರೆಸಿದರು. ಆಗ ಅತ್ತೆ. ಎರಡೂವರೆ ವರ್ಷದ್ದೆಲ್ಲ ಅತ್ತೆ.

ನಡೆದದ್ದು ಇಷ್ಟೇ. ಅಪ್ಪಯ್ಯನಿಗೆ ಎದೆಯ ಕಾಯಿಲೆಯಾಗಿ ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಇಟ್ಟಿದ್ದರು. ಗುಣವಾಯಿತೆಂದು ಹಿಂದಿನ ಸಂಜೆ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದಿದ್ದರು. ಆ ಕಾಲದಲ್ಲಿ ಶಿವಮೊಗ್ಗದಿಂದ ಕಾರಿನಲ್ಲಿ ಮಲಗಿಸಿ ತಂದರು ಎಂದರೆ ಅದಕ್ಕೆ ಒಂದೇ ಅರ್ಥ. ತೀರ್ಥಹಳ್ಳಿಯ ಹಲಗೆ ಬರೆಯುವವರು ಕಾರು ನೋಡಿದರು, ಮುಂದಿನದು ಊಹಿಸಿಕೊಂಡು ಸಾಗರಕ್ಕೆ ಕಳಿಸಿದರು. ಸಾಗರದವರಿಗೆ ಒಂದೂವರೆ ಗಂಟೆಯಲ್ಲಿ ತಪ್ಪು ತಿಳಿದು, ‘೧೭ ಅಳಿಸಿ’ ಎಂದು ಹಿಂದಿನಿಂದಲೇ ಚೀಟಿ ಓಡಿಸಿದ್ದರು. ಹಿಂದಿನದು ಮುಂದಾಗಿ ಬಂತು, ಮುಂದಿನದು ಬಟ್ಟೆಮಲ್ಲಪ್ಪದಲ್ಲಿ ಕೂತಿತ್ತು.

ಮೂರು ದಿನ ಇದ್ದೆ. ಹೊರಡುವಾಗ ಅಪ್ಪಯ್ಯ ಬಾಗಿಲವರೆಗೆ ಬಂದರು, ಅದೇ ಬಾಗಿಲು. “ಇನ್ಮೇಲೆ ಬೋರ್ಡು ನೋಡ್ಕಂಡು ಬರ್ಬೇಡ ಪುಟ್ಟಿ. ಸುಮ್ನೆ ಬಾ” ಎಂದರು. ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಹೊಸನಗರದಲ್ಲಿ ಅವರು ಇನ್ನೂ ಸತ್ತೇ ಇದ್ದರು. ನಾನಿಲ್ಲದ ಮೂರು ದಿನ ಹಲಗೆಗೆ ಯಾರೂ ಕೈ ಹಚ್ಚಿರಲಿಲ್ಲ. ಅವರ ಹಳೆಯ ವಿದ್ಯಾರ್ಥಿಗಳು ಇಬ್ಬರು ಸ್ನಾನ ಮಾಡಿ ಜನಿವಾರ ಬದಲಿಸಿದ್ದರಂತೆ. ನಾನು ಸಾಗರಕ್ಕೆ ಉರಿದುಬಿದ್ದು ಒಂದು ಪುಟ ಬರೆದೆ, ಅವರು ನನ್ನ ಅಪ್ಪ ಎಂಬುದೊಂದನ್ನು ಬಿಟ್ಟು. ಯಜಮಾನರು ಬೈಯಲಿಲ್ಲ, ಉತ್ತರವನ್ನೂ ಬರೆಯಲಿಲ್ಲ. ನನ್ನದೇ ಸಹಿಯ ಚೀಟಿಯನ್ನು ಕಳಿಸಿದರು. ‘೧೭ ಅಳಿಸಿದೆ.’ ಅವರ ರಿಜಿಸ್ಟರಿನಲ್ಲಿ ಹದಿನೇಳು ಆಗಲೇ ಅಳಿಸಿಹೋಗಿತ್ತು, ಅದಕ್ಕೆ ಇನ್ನೊಂದು ಚೀಟಿ ಬರುವ ಮಾತೇ ಇಲ್ಲ. ಚೀಟಿಯಿಲ್ಲದೆ ನಾನು ಹಲಗೆ ಒರೆಸಿದ್ದು ಅದೊಂದೇ ಸಲ.

ಆ ದಿನವೇ ಒಂದು ನಿಯಮ ಮಾಡಿದೆ. ನಾನೇ ಮಾಡಿದ್ದು, ಸಾಗರದವರಲ್ಲ. ಸಾವಿನ ಚೀಟಿ ಬಂದರೆ ಕೂಡಲೇ ಬರೆಯುವುದಿಲ್ಲ, ಸಾಗರದಿಂದ ಇನ್ನೊಂದು ಬಸ್ಸು ಬರುವವರೆಗೆ ಕಾಯುತ್ತೇನೆ. ಅದರಲ್ಲಿ ಅಳಿಸುವ ಚೀಟಿ ಇಲ್ಲದಿದ್ದರೆ ಮಾತ್ರ ಬರೆಯುತ್ತೇನೆ. ಯಜಮಾನರಿಗೆ ತಿಳಿಸಿದಾಗ, ಆಶ್ಚರ್ಯ, ಒಪ್ಪಿದರು. ತೀರ್ಥಹಳ್ಳಿಯ ಹಲಗೆಗೂ ಅದನ್ನೇ ಹಾಕಿದರು. ಮುಂದಿನ ವರ್ಷ ಅದರಿಂದ ಒಮ್ಮೆ ಉಪಕಾರವೂ ಆಯಿತು. ಬದುಕಿದ್ದ ವ್ಯಾಪಾರಿಯೊಬ್ಬರ ಸಾವು ಹಲಗೆ ಹತ್ತುವ ಮೊದಲೇ ಮುಂದಿನ ಬಸ್ಸಿಗೆ ಅಳಿಸುವ ಚೀಟಿ ಬಂತು. ಅವರು ಮನೆಯಿಂದ ಹಲಸಿನಕಾಯಿ ಹಪ್ಪಳ ಕಳಿಸಿಕೊಟ್ಟರು. ನಾನು ಸ್ವಲ್ಪ ಬೀಗಿದ್ದೂ ಹೌದು.

ಅಪ್ಪಯ್ಯನ ಮನೆಗೆ ತಿಂಗಳಿಗೊಮ್ಮೆ ಹೋಗತೊಡಗಿದೆ. ಶನಿವಾರದ ಬಸ್ಸಿಗೆ ಉಳಿದ ನೌಕರರ ಜೊತೆ ನಾನೂ ಚೀಲ ಹಿಡಿದು ನಿಂತಾಗ ನನಗೂ ಒಂದು ಊರಿದೆ ಎನಿಸುತ್ತಿತ್ತು. ನಾವು ಹೆಚ್ಚು ಮಾತಾಡುತ್ತಿರಲಿಲ್ಲ. ಅವರು ಯಾರೇ ಬಂದರೂ, “ನಂಗೆ ಹುಷಾರಿಲ್ಲ ಅಂತ ಬೋರ್ಡಿಗೆ ಹಾಕಿದ್ರು, ಗೊತ್ತುಂಟಾ? ಇವ್ಳು ಓಡಿಬಂದ್ಲು” ಎಂದು ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಎಲೆ ಅಡಿಕೆ ಮಡಿಸುತ್ತಿದ್ದೆ. ಉಳಿದ ಮೂರು ವಾರ ಅದೇ ಕೋಣೆ, ಅದೇ ಸ್ಟೋವು, ಅದೇ ಭಾನುವಾರ. ಆದರೆ ಆ ಮೂರು ವಾರಕ್ಕೂ ಒಂದು ಕೊನೆಯಿತ್ತು.

ಎರಡು ವರ್ಷ ಕಳೆದ ಮೇಲೆ ಒಂದು ಮಂಗಳವಾರ. ಹನ್ನೆರಡರ ಬಸ್ಸಿಗೆ ಎರಡು ಚೀಟಿ ಬಂದವು. ಒಂದು ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚು ನಿಂತುಹೋಗಿರುವುದರ ಬಗ್ಗೆ. ಇನ್ನೊಂದು ನಂಬರು ೯. ತೀರ್ಥಹಳ್ಳಿಯ ನಿವೃತ್ತ ಮುಖ್ಯೋಪಾಧ್ಯಾಯರಾದ, ಆಮೇಲೆ ಅವರ ಹೆಸರು, ಇಂದು ಬೆಳಗಿನ ಜಾವ.

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ನಗು. ಮತ್ತೆ ಅದೇ ತಪ್ಪು ಮಾಡಿದರಲ್ಲ ಎಂದು. ಅಲ್ಲಿಂದ ಬಂದು ಹತ್ತು ದಿನವೂ ಆಗಿರಲಿಲ್ಲ, ಅಪ್ಪಯ್ಯ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಿದ್ದರು. ಕಂಡಕ್ಟರರು, “ಸಹಿ ಹಾಕಿ ಅಕ್ಕಾ” ಎಂದರು. “ಲಾಂಚಿನದಕ್ಕೆ ಹಾಕ್ತೀನಿ. ಇದು ಮುಂದಿನ ಬಸ್ಸಿಗೆ” ಎಂದೆ.

ತೀರ್ಥಹಳ್ಳಿಗೆ ಹೋಗುವ ಹನ್ನೆರಡೂವರೆಯ ಬಸ್ಸು ಎದುರಿಗೇ ನಿಂತಿತ್ತು, ಇಂಜಿನ್ ಚಾಲೂ ಇತ್ತು. ಹೋಟೆಲಿನ ಮಾಲೀಕರು ನನ್ನ ಕೈಯಿಂದ ಚೀಟಿ ತೆಗೆದು ಓದಿದರು.

“ಹೊರಡಿ ಅಮ್ಮಾ, ಬಸ್ ಬಿಡ್ತದೆ.”

“ಅಳಿಸೋ ಚೀಟಿ ಬರ್ತದೆ. ಎರಡೂವರೆ ಬಸ್ಸಿಗೆ.”

“ಬಂದ್ರೆ ಬರ್ಲಿ. ನೀವು ಹೋಗಿ ಬನ್ನಿ. ಸುಳ್ಳಾದ್ರೆ ಒಳ್ಳೇದೇ ಆಯ್ತಲ್ಲ.”

ಅವರು ಹೇಳಿದ್ದು ಸರಿಯಾಗಿತ್ತು. ಹೋದರೆ ನಾನು ಕಳೆದುಕೊಳ್ಳುವುದೇನೂ ಇರಲಿಲ್ಲ. ಆದರೆ ಬಸ್ಸು ಹತ್ತಿದರೆ ಚೀಟಿಯನ್ನು ನಂಬಿದ ಹಾಗಾಗುತ್ತಿತ್ತು. ನಂಬುವುದು ನನ್ನಿಂದ ಆಗಲಿಲ್ಲ. ಸಾವಿನ ಚೀಟಿಗೆ ಒಂದು ಬಸ್ಸು ಕಾಯುವುದು ನಿಯಮ ಎಂದೆ. ಆ ಹೊತ್ತಿನಲ್ಲಿ ನಿಯಮ ನನಗೆ ಹಿಡಿದುಕೊಳ್ಳಲು ಸಿಕ್ಕ ಒಂದು ಕಂಬವಾಗಿತ್ತು, ಅಷ್ಟೇ. ಬಸ್ಸು ಹೋಯಿತು. ನಾನು ಹಲಗೆಯ ಮೇಲೆ ಒಂಬತ್ತಕ್ಕೆ ಜಾಗ ಬಿಟ್ಟು ಲಾಂಚಿನ ಸುದ್ದಿ ಬರೆದೆ. ಬಟ್ಟೆ ಹಿಂಡಿ ಒಣಗಲು ಹಾಕಿದೆ. ಸೀಮೆಸುಣ್ಣದ ಚೂರುಗಳನ್ನು ಡಬ್ಬದಲ್ಲಿ ಜೋಡಿಸಿದೆ. ಸಾಗರದ ರಸ್ತೆಯ ತಿರುವು ನೋಡುತ್ತ ಸ್ಟೂಲಿನ ಮೇಲೆ ಕೂತೆ.

ಎರಡೂವರೆಯ ಬಸ್ಸು ಸರಿಯಾದ ಹೊತ್ತಿಗೆ ಬಂತು. ಒಂದೇ ಚೀಟಿ ಇತ್ತು. ಗುರುವಾರ ಕರೆಂಟ್ ಇರುವುದಿಲ್ಲ ಎಂಬುದು.

ಚೀಲದಲ್ಲಿ ಇನ್ನೊಮ್ಮೆ ನೋಡಿ ಎಂದೆ. ಕಂಡಕ್ಟರರು ಚೀಲವನ್ನು ಹೋಟೆಲಿನ ಮೇಜಿನ ಮೇಲೆ ಬೋರಲು ಹಾಕಿ ತೋರಿಸಿದರು. ನಾನು ಎದ್ದು ಅಪ್ಪಯ್ಯನ ಹೆಸರನ್ನು ಎರಡನೆಯ ಸಲ ಬರೆದೆ. ಈ ಸಲ ಕೈ ನಿಂತಿತು, ಮೂರು ನಾಲ್ಕು ಕಡೆ ನಿಂತಿತು. ಅಕ್ಷರ ಸೊಟ್ಟಗಾದವು. ಸಹಿ ಮಾಡಿ, ಹಿತ್ತಲಿನ ನಲ್ಲಿಯ ಕೆಳಗೆ ಮಿಂದು, ನಾಲ್ಕರ ಬಸ್ಸು ಹತ್ತಿದೆ.

ಮನೆ ಮುಟ್ಟಿದಾಗ ಆರು. ಅಂಗಳದಲ್ಲಿ ಜನವಿದ್ದರು. ಅಣ್ಣ ತುಂಗೆಯಲ್ಲಿ ಮುಳುಗು ಹಾಕಿ ಬಂದು ಒದ್ದೆ ಪಂಚೆಯಲ್ಲಿ ಜಗಲಿಯ ಮೇಲೆ ನಿಂತಿದ್ದ. ಮಂಚ ತೆಗೆದಿದ್ದರು.

“ಎಲ್ಲಾ ಆಯ್ತು” ಎಂದ. “ನಾಲ್ಕರ ತನಕ ಕಾದ್ವಿ. ಹನ್ನೆರಡೂವರೆ ಬಸ್ಸಿಗೆ ಬರ್ತಿ ಅಂದ್ಕೊಂಡಿದ್ದೆ. ಅದ್ರಲ್ಲಿ ಇರ್ಲಿಲ್ಲ. ಇನ್ನು ಬರಲ್ಲ ಅಂತ ಎತ್ತಿದ್ವಿ.”

“ಒಂದು ಆಳು ಕಳ್ಸೋಕೆ ಆಗ್ಲಿಲ್ವಾ ನಿಂಗೆ? ಒಂದು ತಂತಿ?”

ಅಣ್ಣ ನನ್ನ ಮುಖ ನೋಡಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ಬೆಳಿಗ್ಗೆ ಮೊದ್ಲ ಬಸ್ಸಿಗೇ ಪೇಪರಿನವ್ರ ಹತ್ರ ಹೇಳ್ಕಳ್ಸಿದ್ನಲ್ಲ. ಬೋರ್ಡು ಬರಿಯೋಳು ನೀನೇ. ಎಲ್ಲರಿಗಿಂತ ಮೊದ್ಲು ನಿಂಗೇ ಗೊತ್ತಾಗತ್ತೆ ಅಂದ್ಕೊಂಡೆ.”

ಆ ಸುದ್ದಿ ಬೆಳಿಗ್ಗೆ ತೀರ್ಥಹಳ್ಳಿಯ ಮೊದಲ ಬಸ್ಸಿನಲ್ಲಿ, ಮುಚ್ಚಿದ ಚೀಲದೊಳಗೆ, ಹೊಸನಗರದ ಬಸ್‌ಸ್ಟ್ಯಾಂಡಿಗೆ ಬಂದು ಹತ್ತು ನಿಮಿಷ ನಿಂತು ಸಾಗರಕ್ಕೆ ಹೋಗಿತ್ತು. ಆ ಹತ್ತು ನಿಮಿಷ ನಾನು ಅದೇ ಬಸ್ಸಿನ ಪಕ್ಕದಲ್ಲಿ ಹಲಗೆಯ ಚೌಕಟ್ಟು ಒರೆಸುತ್ತಿದ್ದೆ. ಅದು ಸಾಗರದಲ್ಲಿ ನಂಬರು ಹಾಕಿಸಿಕೊಂಡು ಹನ್ನೆರಡಕ್ಕೆ ಮತ್ತೆ ನನ್ನ ಕೈಗೆ ಬಂತು. ಆಗಲೂ ಹೊತ್ತು ಮೀರಿರಲಿಲ್ಲ. ಮೀರಿಸಿದವಳು ನಾನು.

ಅಣ್ಣನಿಗೆ ಅದನ್ನು ಹೇಳಲಿಲ್ಲ. ಬಸ್ಸು ತಪ್ಪಿತು ಎಂದೆ. ಅವನು, “ಮುಖ ಎಂತ ಬದ್ಲಾಗಿರ್ಲಿಲ್ಲ. ಮಲಗಿದ್ಹಂಗೇ ಇದ್ರು” ಎಂದು ಸಮಾಧಾನ ಹೇಳಿದ. ನಾನು ನೋಡದ ಮುಖವನ್ನು ಊರಿನವರೆಲ್ಲ ಬಂದು ಬಂದು ನನಗೆ ವರ್ಣಿಸಿದರು. ಸುಮ್ನೆ ಬಾ ಎಂದಿದ್ದರು ಅಪ್ಪಯ್ಯ. ನಾನು ಆ ದಿನವೂ ಬೋರ್ಡು ನೋಡಿಕೊಂಡೇ ಹೋದೆ.

ಬಿಟ್ಟು ಬಂದ ಗಂಡನ ಗೋತ್ರದ ಲೆಕ್ಕದಲ್ಲಿ ನನಗೆ ಮೂರೇ ದಿನದ ಸೂತಕ. ಪುರೋಹಿತರು ಹಾಗೆಂದರು. ಅವನಿಗೂ ನನಗೂ ಸಂಬಂಧ ಉಳಿದದ್ದು ಅದೊಂದು ಲೆಕ್ಕದಲ್ಲಿ ಮಾತ್ರ. ನಾಲ್ಕನೆಯ ದಿನ, ಹದಿಮೂರಕ್ಕೆ ಮತ್ತೆ ಬರುತ್ತೇನೆ ಎಂದು ಹೇಳಿ ಹೊಸನಗರಕ್ಕೆ ಬಂದೆ. ಕೋಣೆಯಲ್ಲಿ ಕೂರಲಾಗದೆ ಹಲಗೆಯ ಹತ್ತಿರವೇ ದಿನ ಕಳೆದೆ. ಲಾಂಚಿನ ಪಕ್ಕದಲ್ಲಿ ಒಂಬತ್ತು ಸೊಟ್ಟಗೆ ಇತ್ತು. ತಿದ್ದಿ ದುಂಡಗೆ ಮಾಡೋಣ ಎಂದು ಎರಡು ಸಲ ಸೀಮೆಸುಣ್ಣ ಎತ್ತಿಕೊಂಡು ಹೋದೆ. ತಿದ್ದುವ ಚೀಟಿ ಬಂದಿರಲಿಲ್ಲ. ಹಾಗೇ ಬಿಟ್ಟೆ.

ಸಾಗರದವರಿಗೆ ಅಪ್ಪಯ್ಯ ನನಗೆ ಯಾರೆಂದು ಗೊತ್ತಿರಲಿಲ್ಲ. ಸಹಿಯ ಚೀಟಿಯಲ್ಲಿ ಬೇರೆ ವಿಷಯ ಬರೆಯಬಾರದಲ್ಲ.

ಎಂಟನೆಯ ದಿನ ಹನ್ನೆರಡರ ಬಸ್ಸಿನ ಕಂಡಕ್ಟರರು ಒಂದು ಚೀಟಿ ಕೊಟ್ಟರು. ಬಿಡಿಸಿ ನೋಡಿದೆ. ‘೯ ಅಳಿಸಿ’ ಎಂದಿತ್ತು. ಆ ಮಂಗಳವಾರ ಒಂದು ಬಸ್ಸು ಬಿಟ್ಟು ನಾನು ಕಾದದ್ದು ಈ ಚೀಟಿಗೇ. ಅದೇ ಕಾಗದ, ಅದೇ ಕೈಬರಹ, ಒಂದು ಅಕ್ಷರವೂ ಬೇರೆಯಿಲ್ಲ. ಬಟ್ಟೆ ಒದ್ದೆ ಮಾಡಿಕೊಂಡು ಬಂದು ಸ್ಟೂಲು ಹತ್ತಿದೆ. ಮೊದಲು ಉಳಿದದ್ದನ್ನು ಒರೆಸಿ, ಹೆಸರನ್ನು ಕೊನೆಗೆ ಒರೆಸಿದೆ. ‘ಅಳಿಸಿದೆ’ ಎಂದು ಬರೆದು ಸಹಿ ಮಾಡಿ ಕಂಡಕ್ಟರರ ಕೈಗೆ ಕೊಟ್ಟೆ.